ಮೃತ್ಯುಪತ್ರ ಬರೆದಿಟ್ಟಿದ್ದೀರಾ?

ವಿಜಯಪುರದ ಸುಲ್ತಾನರು ಸಾವಿಗೆ ಸಿದ್ಧತೆ ಮಾಡಿಕೊಳ್ಳುವುದರಲ್ಲಿ ಯಾರಿಗೂ ಹಿಂದೆ ಬಿದ್ದವರಲ್ಲ. ಮುಹಮ್ಮದ ಆದಿಲಶಾಹನು ತಾನು ಬದುಕಿರುವಾಗಲೇ ಗೋಳಗುಮ್ಮಟವನ್ನು ಕಟ್ಟಿಸತೊಡಗಿದನು. 1656ರಲ್ಲಿ ಆತನು ಕಣ್ಣು ಮುಚ್ಚಿದಾಗ, ಇಂದಿಗೂ ಲೋಕವು ತಲೆಯೆತ್ತಿ ನೋಡುವ ಆ ಗುಮ್ಮಟದ ಕೆಳಗೆ ಅವನಿಗೊಂದು ಸ್ಥಳ ಕಾದಿತ್ತು. ಅವನ ಮಗ ಎರಡನೆಯ ಅಲಿ ಆದಿಲಶಾಹನಿಗೆ ತಂದೆಯನ್ನು ಮೀರಿಸುವ ಹಂಬಲ. ಅವನೂ ತನ್ನ ಗೋರಿಯನ್ನು ತಾನೇ ಆರಂಭಿಸಿದನು. ಆದರೆ ಅದು ಮುಗಿಯಲಿಲ್ಲ. ಮುಗಿಲಿಗೆ ಬಾಯ್ದೆರೆದು ನಿಂತಿರುವ ಬಾರಾ ಕಮಾನಿನ ಕಲ್ಲುಕಮಾನುಗಳನ್ನು ನೋಡದೆ ವಿಜಯಪುರದಿಂದ ಹಿಂದಿರುಗುವ ಪ್ರವಾಸಿಗಳು ವಿರಳ.

ಗೋರಿ ಅರ್ಧಕ್ಕೆ ನಿಂತದ್ದು ದೊಡ್ಡ ಮಾತಲ್ಲ. 1672ರಲ್ಲಿ ಅಲಿ ತೀರಿಕೊಂಡಾಗ ಪಟ್ಟಕ್ಕೆ ಬಂದ ಅವನ ಮಗ ಸಿಕಂದರನು ಇನ್ನೂ ನಾಲ್ಕೈದು ವರ್ಷದ ಕೂಸು. ಆ ಕೂಸಿನ ಪರವಾಗಿ ಆಳುವವರಾರು ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪಿ ತಲೆಬಾಗುವಂಥ ಉತ್ತರವಿರಲಿಲ್ಲ. ಖವಾಸಖಾನನೊಂದು ಕಡೆ, ಬಹಲೋಲಖಾನನೊಂದು ಕಡೆ. ಸರದಾರರ ಈ ಜಗ್ಗಾಟದಲ್ಲಿ ರಾಜ್ಯ ಸೊರಗಿತು. ಹದಿನಾಲ್ಕು ವರ್ಷಗಳಲ್ಲಿ, 1686ರಲ್ಲಿ, ಔರಂಗಜೇಬನ ಸೈನ್ಯಕ್ಕೆ ಕೋಟೆಯ ಬಾಗಿಲು ತೆರೆಯಿತು. ಔರಂಗಜೇಬನು ಹೇಗಿದ್ದರೂ ಬರುವವನೇ ಇದ್ದನೆನ್ನಿ. ಆದರೆ ಮನೆಯೊಳಗೆ ಜಗಳವಿದ್ದಾಗ ಹೊರಗಿನವನ ಕೆಲಸ ಎಷ್ಟು ಹಗುರವಾಗುತ್ತದೆಂಬುದನ್ನು ಬಲ್ಲವರೇ ಬಲ್ಲರು. ತನ್ನ ಎಲುಬುಗಳಿಗೆ ಕಲ್ಲಿನ ಮನೆ ಕಟ್ಟಿಸಹೊರಟ ಅರಸನ ಮಗುವಿಗೆ ನೆಮ್ಮದಿಯ ಮನೆ ಸಿಗಲಿಲ್ಲ.

ನಾವು ಸುಲ್ತಾನರಲ್ಲ, ನಿಜ. ಆದರೆ ನಮ್ಮ ಮನೆಗಳಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಸಾಲ ಮಾಡಿ ಮನೆ ಕಟ್ಟಿಸುತ್ತೇವೆ, ತೊಲೆಗಟ್ಟಲೆ ಬಂಗಾರ ಕೂಡಿಸುತ್ತೇವೆ, ಮಗಳ ಮದುವೆಗೆಂದು ಬ್ಯಾಂಕಿನಲ್ಲಿ ಠೇವಣಿ ಇಡುತ್ತೇವೆ. ಇವೆಲ್ಲ ನಮ್ಮ ತರುವಾಯ ಯಾರಿಗೆ ಹೇಗೆ ಸಲ್ಲಬೇಕೆಂದು ಒಂದು ಹಾಳೆಯ ಮೇಲೆ ಬರೆದಿಡೋಣವೆಂದರೆ ಮಾತ್ರ ಕೈ ನಡುಗುತ್ತದೆ. ಮೃತ್ಯುಪತ್ರ! ಹೆಸರಿನಲ್ಲಿಯೇ ಮೃತ್ಯು ಕುಳಿತಿದೆ. ಮೈಸೂರಿನ ಕಡೆಯವರು ಇಂಗ್ಲಿಷಿನ 'ವಿಲ್' ಎಂಬುದನ್ನೇ ನಾಲಿಗೆಯಲ್ಲಿ ಸವೆಸಿ 'ಉಯಿಲು' ಎಂದು ಮಾಡಿಕೊಂಡರು. ಅವರ ಕಿವಿಗೆ ಅಷ್ಟು ಅಪಶಕುನವೆನಿಸಲಿಕ್ಕಿಲ್ಲ. ನಮ್ಮ ಕಡೆ ಈ ಮಾತು ತೆಗೆದರೆ ಮನೆಯ ಹಿರಿಯರು, "ನಾ ಯಾವಾಗ ಸಾಯ್ತೀನಂತ ಕಾಯ್ಲಿಕತ್ತೀರೇನು?" ಎಂದು ಕೇಳಿಬಿಡುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಆದುದರಿಂದ, ಆಸ್ತಿಯೇ ಇಲ್ಲದವರೊಬ್ಬರು ಬರೆದಿಟ್ಟ ಪತ್ರದಿಂದಲೇ ಈ ವಿಷಯವನ್ನು ಆರಂಭಿಸುವುದು ಲೇಸು. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದುಕೊಂಡು ನಾಡಿನ ಮೂಲೆಮೂಲೆಗಳಲ್ಲಿ ಪ್ರವಚನ ನೀಡಿದ ಶ್ರೀ ಸಿದ್ಧೇಶ್ವರ ಸ್ವಾಮಿಗಳನ್ನು ವಾಚಕರು ಬಲ್ಲರು. ಅವರು ತೊಡುತ್ತಿದ್ದ ಅಂಗಿಗೆ ಜೇಬೇ ಇರುತ್ತಿರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀ ಪ್ರಶಸ್ತಿಯನ್ನೂ ಅವರು ವಿನಯದಿಂದ ಒಲ್ಲೆನೆಂದರು. ಇಂಥವರು 2014ರ ಗುರುಪೂರ್ಣಿಮೆಯ ದಿನ ಒಂದು ಅಂತಿಮ ಪತ್ರವನ್ನು ಬರೆದಿಟ್ಟಿದ್ದರು. ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಅರ್ಪಿಸಬೇಕು. ಶ್ರಾದ್ಧಾದಿ ವಿಧಿಗಳು ಬೇಡ. ಚಿತಾಭಸ್ಮವನ್ನು ನದಿಯಲ್ಲೋ ಸಾಗರದಲ್ಲೋ ವಿಸರ್ಜಿಸಬೇಕು. ಯಾವ ಬಗೆಯ ಸ್ಮಾರಕವನ್ನೂ ಕಟ್ಟಬಾರದು: ಇದು ಅದರ ಸಾರ. 2023ರ ಜನವರಿ 2ರಂದು ಅವರು ದೇಹ ಬಿಟ್ಟಾಗ ವಿಜಯಪುರಕ್ಕೆ ಹರಿದುಬಂದ ಜನಸಾಗರವನ್ನು ನೆನೆದುಕೊಳ್ಳಿ. ಮಠಾಧೀಶರನ್ನು ಸಮಾಧಿ ಮಾಡಿ ಗದ್ದುಗೆ ಕಟ್ಟುವುದು ಈ ನಾಡಿನ ಬಹುಕಾಲದ ಪದ್ಧತಿ. ಆ ಪತ್ರವಿಲ್ಲದಿದ್ದರೆ ಭಕ್ತರ ಪ್ರೀತಿಯೇ ಅವರ ಇಚ್ಛೆಯನ್ನು ಮೀರಿ ನಡೆಯುತ್ತಿರಲಿಲ್ಲವೆಂದು ಯಾರು ಹೇಳಬಲ್ಲರು? ಪತ್ರವಿತ್ತು, ಎಲ್ಲರೂ ಅದಕ್ಕೆ ತಲೆಬಾಗಿದರು. ಮರುದಿನ ಆಶ್ರಮದ ಆವರಣದಲ್ಲಿಯೇ ಅಗ್ನಿಸಂಸ್ಕಾರ ನೆರವೇರಿತು.

ಕಾಯಿದೆಯ ಲೆಕ್ಕದಲ್ಲಿ ಅದು ಮೃತ್ಯುಪತ್ರವಲ್ಲವೆಂದು ವಕೀಲರು ಹೇಳಬಹುದು. ಮೃತ್ಯುಪತ್ರವು ಆಸ್ತಿಯನ್ನು ಕುರಿತದ್ದು. ದೇಹದ ವಿಷಯದಲ್ಲಿ ಬರೆದದ್ದನ್ನು ಮನೆಯವರು ಗೌರವದಿಂದ ನಡೆಸಬೇಕೇ ಹೊರತು ಕೋರ್ಟಿನ ಬಲದಿಂದ ನಡೆಸಿಕೊಳ್ಳುವುದು ಕಷ್ಟ. ಇರಲಿ. ಬಿಟ್ಟು ಹೋಗಲು ಏನೂ ಇಲ್ಲದವರು ಎಂಟು ವರ್ಷ ಮೊದಲೇ ಬರೆದಿಟ್ಟರು. ಬಿಟ್ಟು ಹೋಗಲು ಬೇಕಾದಷ್ಟಿರುವ ನಾವು ಮಾತ್ರ "ನೋಡೋಣ, ನೋಡೋಣ" ಎನ್ನುತ್ತ ಕುಳಿತಿದ್ದೇವೆ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮನೆಯ ಯಜಮಾನರು ವಿಜಯಪುರದಲ್ಲಿ ನಿವೃತ್ತರಾದ ಹೈಸ್ಕೂಲು ಮಾಸ್ತರರು. ಪಗಾರದಲ್ಲಿ ಉಳಿಸಿ, ಸಾಲ ತೆಗೆದು ಪಟ್ಟಣದಲ್ಲೊಂದು ಮನೆ ಕಟ್ಟಿಸಿದ್ದಾರೆ. ತಿಕೋಟಾದ ಹತ್ತಿರ ಹಿರಿಯರಿಂದ ಬಂದ ಹೊಲವಿದೆ. ಬಬಲೇಶ್ವರದ ಕಡೆ ಎರಡು ಎಕರೆಯನ್ನು ತಾವೇ ಕೊಂಡಿದ್ದಾರೆ. ಎಂಬತ್ತು ದಾಟಿದ ತಾಯಿ, ಹೆಂಡತಿ, ಇಬ್ಬರು ಗಂಡುಮಕ್ಕಳು, ಸೊಲ್ಲಾಪುರಕ್ಕೆ ಕೊಟ್ಟ ಒಬ್ಬ ಮಗಳು. ಹಿರಿಯ ಮಗ ಪುಣೆಯಲ್ಲಿ, ಕಿರಿಯನು ಊರಲ್ಲಿಯೇ ಹೊಲ ನೋಡಿಕೊಂಡಿದ್ದಾನೆ. ಇಂಥ ನೂರಾರು ಮನೆಗಳುಂಟು. ಯಾರೂ ತಮ್ಮನ್ನೇ ಕುರಿತು ಬರೆದರೆಂದು ತಿಳಿಯಬಾರದು.

"ನಾ ಹೋದ ಮ್ಯಾಲೆ ಮನಿ ಹೆಂಡತಿಗೆ, ಹೊಲ ಮಕ್ಕಳಿಗೆ. ಇದರಾಗ ಬರೆಯೂದೇನೈತಿ?" ಎಂಬುದು ಮಾಸ್ತರರ ಲೆಕ್ಕ. ಆದರೆ ಕಾಯಿದೆಯ ಲೆಕ್ಕವೇ ಬೇರೆ. ಮೃತ್ಯುಪತ್ರವಿಲ್ಲದೆ ಹಿಂದೂ ಗೃಹಸ್ಥನೊಬ್ಬನು ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಮೇರೆಗೆ ಅವನ ಸ್ವಯಾರ್ಜಿತ ಆಸ್ತಿಯು ಹೆಂಡತಿ, ಮಕ್ಕಳು ಮತ್ತು ತಾಯಿಗೆ ಸಮಸಮನಾಗಿ ಸಲ್ಲುತ್ತದೆ. ಎಂದರೆ ಈ ಮನೆಯಲ್ಲಿ ಐದು ಪಾಲು. ಮಾಸ್ತರರ ಪತ್ನಿಗೆ ತಾನು ಮೂವತ್ತು ವರ್ಷ ನೆಲ ಸಾರಿಸಿದ ಮನೆಯಲ್ಲಿ ಐದರಲ್ಲೊಂದು ಪಾಲು ಮಾತ್ರ! ಅಷ್ಟೇ ಅಲ್ಲ; ನಾಳೆ ಆ ಮುದಿ ತಾಯಿಯೂ ತೀರಿಕೊಂಡರೆ, ಅವರ ಪಾಲಿಗೆ ಮಾಸ್ತರರ ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂಡ ವಾರಸುದಾರರಾಗುತ್ತಾರೆ. ಮೈದುನನೊಬ್ಬನು ಅತ್ತಿಗೆಯ ಮನೆಯ ಪಡಸಾಲೆಯಲ್ಲಿ ಪಾಲು ಕೇಳಿದರೆ ಅವನನ್ನು ಬೈಯುವಂತಿಲ್ಲ. ಕಾಯಿದೆ ಕೊಟ್ಟದ್ದನ್ನು ಕೇಳಿದ್ದಾನೆ.

ಮೊದಲಾದರೆ ಇಂಥ ಪಾಲುಗಳಿಗೆ ಯಾರೂ ಕೋರ್ಟಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ತಿಕೋಟಾ, ಬಬಲೇಶ್ವರಗಳು ವಿಜಯಪುರ ತಾಲೂಕಿನಲ್ಲಿಯೇ ಸೇರಿದ್ದ ಕಾಲದಲ್ಲಿ ಇಲ್ಲಿಯ ಹೊಲವೆಂದರೆ ಮಳೆಯನ್ನು ನಂಬಿದ ಎರೆನೆಲ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಗಾದೆ ಹುಟ್ಟಿದ್ದು ಆ ನಂಬಿಕೆಯಿಂದಲೇ, ಬೆಳೆಯದಿದ್ದರೆ ಗುಳೆ. ಅಂಥ ನೆಲದಲ್ಲಿ ಪಾಲು ಕೇಳಿ ಮಾಡುವುದೇನು? ಈಗ ಕಾಲ ಬದಲಾಗಿದೆ. ಎರಡೂ ಸ್ವತಂತ್ರ ತಾಲೂಕುಗಳಾಗಿವೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಏರಿಬಂದಿದೆ. ತಿಕೋಟಾದ ಸುತ್ತ ದ್ರಾಕ್ಷಿಯ ಪಡಗಳು, ಹಣ್ಣು ಒಣಗಿಸುವ ಶೆಡ್ಡುಗಳು ಕಣ್ಣಿಗೆ ಬೀಳುತ್ತವೆ. ನೀರು ಬಂದಲ್ಲಿ ನೆಲಕ್ಕೆ ಬೆಲೆ ಬರುತ್ತದೆ. ಬೆಲೆ ಬಂದಲ್ಲಿ, ಮೂವತ್ತು ವರ್ಷ ಮರೆತುಹೋಗಿದ್ದ ಪಾಲು ನೆನಪಿಗೆ ಬರುತ್ತದೆ. ಪುಣೆಯಲ್ಲಿರುವ ಅಣ್ಣನಿಗೂ ಬರುತ್ತದೆ, ದ್ರಾಕ್ಷಿಪಡಕ್ಕೆ ತನ್ನ ಬೆವರು ಸುರಿಸಿದ ತಮ್ಮನಿಗೂ ಬರುತ್ತದೆ. ಇಬ್ಬರೂ ಕೆಟ್ಟವರಲ್ಲ. ಇಬ್ಬರ ಬಳಿಯೂ ತಂದೆಯ ಮಾತೊಂದಿದೆ. ತಂದೆಯು ಒಬ್ಬನಿಗೆ ಒಂದು, ಇನ್ನೊಬ್ಬನಿಗೆ ಇನ್ನೊಂದು ಹೇಳಿ ಹೋಗಿದ್ದಾರೆ, ಅಷ್ಟೆ.

ಬಾಯಿಮಾತು ಇಲ್ಲಿ ನಡೆಯುವುದಿಲ್ಲ. 1927ರ ಜನವರಿ 1ರಿಂದ ಈಚೆಗೆ ಹಿಂದೂಗಳ ಮೃತ್ಯುಪತ್ರವು ದೇಶದ ಎಲ್ಲ ಕಡೆಯೂ ಬರಹದಲ್ಲಿಯೇ ಇರಬೇಕು. ಏನನ್ನು ಬರೆಯಬಹುದೆಂಬುದಕ್ಕೂ ಮೇರೆಯಿದೆ. ಮನೆಯೂ ಬಬಲೇಶ್ವರದ ಎರಡು ಎಕರೆಯೂ ಮಾಸ್ತರರ ಸ್ವಂತ ಗಳಿಕೆ; ಅವನ್ನು ಅವರು ಇಚ್ಛೆ ಬಂದವರಿಗೆ ಕೊಡಬಹುದು. ತಿಕೋಟಾದ ಹೊಲವು ಪಿತ್ರಾರ್ಜಿತ. ಅದರಲ್ಲಿ ತಮ್ಮ ಪಾಲಿನಷ್ಟನ್ನು ಮಾತ್ರ ಬರೆಯಬಹುದು. ಇಡೀ ಹೊಲವನ್ನು ಕಿರಿಯ ಮಗನಿಗೆ ಬರೆದಿಟ್ಟರೆ ಮಿಕ್ಕವರ ಪಾಲಿನ ಮಟ್ಟಿಗೆ ಆ ಬರಹ ನಿಲ್ಲದು. 'ಉತಾರದಲ್ಲಿ ನನ್ನೊಬ್ಬನ ಹೆಸರೇ ಇದೆ' ಎಂಬ ಧೈರ್ಯ ಸಾಲದು. ಉತಾರವು ಕಂದಾಯದ ದಾಖಲೆ. ಒಡೆತನವನ್ನು ಅದೊಂದೇ ನಿರ್ಣಯಿಸುವುದಿಲ್ಲ.

ಮತ್ತೊಂದು ಬಗೆಯ ಜಮೀನಿನ ಕಥೆ ಬಬಲೇಶ್ವರದ ನೆರೆಯ ಜಮಖಂಡಿಯಿಂದ ದೆಹಲಿಯವರೆಗೆ ಹೋಗಿ ಬಂದಿದೆ. ಗೇಣಿದಾರನೊಬ್ಬನು ತನ್ನ ಗೇಣಿಯ ಹಕ್ಕನ್ನು ಮೃತ್ಯುಪತ್ರದ ಮೂಲಕ ಬೇರೊಬ್ಬರಿಗೆ ಬರೆದುಕೊಡಬಹುದೇ ಎಂಬ ವಾದ ಅಲ್ಲಿಯ ಭೂನ್ಯಾಯಮಂಡಳಿಯಿಂದ ಸುಪ್ರೀಂ ಕೋರ್ಟಿಗೆ ಏರಿತು. ಕುಟುಂಬದ ಹೊರಗಿನವರಿಗೆ ಹಾಗೆ ಬರೆದುಕೊಡಲಾಗದೆಂದು ಆ ನ್ಯಾಯಾಲಯ 1998ರಲ್ಲಿ ತೀರ್ಮಾನಿಸಿತು. ಆದುದರಿಂದ ಗೇಣಿಯಿಂದ ಬಂದ ಜಮೀನಿದ್ದವರು ಲೇಖನಿ ಹಿಡಿಯುವ ಮೊದಲು ವಕೀಲರನ್ನು ಕಾಣುವುದು ಅವಶ್ಯ.

ಈಗ ಸೊಲ್ಲಾಪುರದ ಮಗಳ ಮಾತು. ಪಂಚಮಿಗೆ ತವರಿಗೆ ಬಂದು, ಜೋಕಾಲಿ ಆಡಿ, ಸೀರೆ ಕುಪ್ಪಸ ಪಡೆದು ಹೋಗುವ ಮಗಳಿಗೆ ಹೊಲದಲ್ಲಿಯೂ ಪಾಲುಂಟೆಂಬುದನ್ನು ಕಾಯಿದೆ ಬಹಳ ನಿಧಾನವಾಗಿ ಒಪ್ಪಿಕೊಂಡಿತು. ನಮ್ಮ ರಾಜ್ಯವು 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ವಿವಾಹಿತೆ, ಅವಿವಾಹಿತೆ ಎಂಬ ಭೇದವೂ ಹೋಯಿತು. ತಂದೆಯು ಆ ದಿನ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದೂ, ಹಕ್ಕು ಹುಟ್ಟಿನಿಂದಲೇ ಬಂದದ್ದೆಂದೂ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆದರೂ ಎಷ್ಟೋ ಮನೆಗಳಲ್ಲಿ ತಂದೆಯ ದಿನಕರ್ಮ ಮುಗಿಯುತ್ತಲೇ ಅಕ್ಕತಂಗಿಯರ ಮುಂದೆ ಹಕ್ಕು ಬಿಟ್ಟ ಕಾಗದ ಬರುತ್ತದೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಅವರು ರುಜು ಹಾಕುತ್ತಾರೆ. ಇದನ್ನು ಔದಾರ್ಯವೆಂದು ಹೊಗಳುವವರಿದ್ದಾರೆ. ಈ ಲೇಖಕನಿಗೆ ಅದು ಔದಾರ್ಯವಾಗಿ ಕಂಡಿಲ್ಲ. ಮಗಳಿಗೆ ಏನನ್ನು ಕೊಡಬೇಕೆಂಬುದನ್ನು ತಂದೆಯೇ ತನ್ನ ಕೈಯಿಂದ ಬರೆದಿಟ್ಟರೆ, ಆಕೆ ಅದನ್ನು ಅಣ್ಣತಮ್ಮಂದಿರ ಬಳಿ ಕೇಳಿದವಳಾಗುವುದಿಲ್ಲ, ತಂದೆಯಿಂದ ಪಡೆದವಳಾಗುತ್ತಾಳೆ. ಪಂಚಮಿಯ ಹೊತ್ತಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಇಲ್ಲಿಯವರೆಗೆ ಗಂಡಸರ ಮೃತ್ಯುಪತ್ರದ ಮಾತಾಯಿತು. ಹೆಂಗಸರ ಮೃತ್ಯುಪತ್ರದ ವಿಷಯವನ್ನು ನಾವು ಎತ್ತುವುದೇ ಇಲ್ಲ. "ಅವಳ ಹೆಸರಿನಲ್ಲಿ ಏನಿದೆ?" ಎನ್ನುತ್ತೇವೆ. ನೌಕರಿ ಮಾಡುವ ಹೆಣ್ಣುಮಕ್ಕಳ ಪ್ರಾವಿಡೆಂಟ್ ಫಂಡಿದೆ, ಬ್ಯಾಂಕಿನ ಠೇವಣಿಯಿದೆ, ತವರಿನ ಬಂಗಾರವಿದೆ. ಅವರ ಹೆಸರಿಗೆ ಕೊಂಡ ಪ್ಲಾಟುಗಳೂ ಈಗ ಕಡಿಮೆಯೇನಿಲ್ಲ. ಆದರೆ 1956ರ ಕಾಯಿದೆಯು ಹೆಂಗಸಿನ ಆಸ್ತಿಗೆ ಬೇರೆಯೇ ಕ್ರಮ ಹಾಕಿದೆ. ಮೊದಲು ಮಕ್ಕಳು ಮತ್ತು ಗಂಡ. ಅವರಾರೂ ಇಲ್ಲವಾದರೆ ಗಂಡನ ವಾರಸುದಾರರು. ಆಕೆಯ ಹೆತ್ತ ತಾಯಿತಂದೆಗಳು ಅವರ ಹಿಂದೆ ನಿಲ್ಲಬೇಕು! ತಾಯಿತಂದೆಗಳಿಂದ ವಾರಸಾಗಿ ಬಂದ ಆಸ್ತಿಗೆ ಮಾತ್ರ ವಿನಾಯಿತಿಯುಂಟು. ಮಕ್ಕಳಿಲ್ಲದಿದ್ದರೆ ಅದು ತಂದೆಯ ಕಡೆಗೆ ಮರಳುತ್ತದೆ. ಆಕೆಯೇ ದುಡಿದು ಗಳಿಸಿದ್ದು ಮರಳುವುದಿಲ್ಲ.

ಇದರ ಕಠೋರತೆಯನ್ನು ತಿಳಿಯಬೇಕಾದರೆ 2009ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಓಂಪ್ರಕಾಶ ವಿರುದ್ಧ ರಾಧಾಚರಣ ಎಂಬ ಪ್ರಕರಣವನ್ನು ನೋಡಬೇಕು. 1955ರಲ್ಲಿ ಮದುವೆಯಾದ ಹುಡುಗಿಯೊಬ್ಬಳು ಮೂರೇ ತಿಂಗಳಿಗೆ ವಿಧವೆಯಾದಳು; ಗಂಡನಿಗೆ ಹಾವು ಕಚ್ಚಿತ್ತು. ಅತ್ತೆಯ ಮನೆಯವರು ಆಕೆಯನ್ನು ಹೊರಗೆ ಹಾಕಿದರು. ತಾಯಿತಂದೆ ಕರೆದು ತಂದು ಓದಿಸಿದರು. ಆಕೆ ನೌಕರಿ ಹಿಡಿದಳು, ದುಡಿದಳು, ಉಳಿಸಿದಳು. 1996ರಲ್ಲಿ ತೀರಿಕೊಂಡಾಗ ಬ್ಯಾಂಕಿನಲ್ಲಿಯೂ ಪ್ರಾವಿಡೆಂಟ್ ಫಂಡಿನಲ್ಲಿಯೂ ದೊಡ್ಡ ಮೊತ್ತವಿತ್ತು, ಮೃತ್ಯುಪತ್ರವಿರಲಿಲ್ಲ. ಹೆತ್ತ ತಾಯಿ ಅರ್ಜಿ ಹಾಕಿದಳು. ಗಂಡನ ಅಕ್ಕತಂಗಿಯ ಮಕ್ಕಳೂ ಬಂದರು. ಆ ಹಣವು ಗಂಡನ ಕಡೆಯವರಿಗೇ ಸಲ್ಲಬೇಕೆಂದು ಕೋರ್ಟು ತೀರ್ಪಿತ್ತಿತು. ಕನಿಕರವು ಕಾಯಿದೆಯ ಅಕ್ಷರವನ್ನು ಬದಲಿಸಲಾರದೆಂಬುದು ನ್ಯಾಯಾಧೀಶರ ಅಭಿಪ್ರಾಯವಾಗಿತ್ತು. ಬದುಕಿರುವಾಗ ಒಂದು ತುತ್ತು ಹಾಕದ ಮನೆಗೆ ಸತ್ತ ಮೇಲೆ ಇಡೀ ಗಂಟು ಹೋಯಿತು. ಹತ್ತು ಸಾಲಿನ ಒಂದು ಕಾಗದ ಇದನ್ನು ತಡೆಯಬಹುದಾಗಿತ್ತು.

2025ರ ನವೆಂಬರಿನಲ್ಲಿ ಇದೇ ಕಲಮಿನ ಪ್ರಶ್ನೆ ಮತ್ತೆ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಪೀಠವು ಕಲಮಿನ ಸಿಂಧುತ್ವವನ್ನು ಆಗ ನಿರ್ಣಯಿಸಲಿಲ್ಲ. ಆದರೆ ಮಹಿಳೆಯರು, ಅದರಲ್ಲಿಯೂ ಹಿಂದೂ ಮಹಿಳೆಯರು, ತಡಮಾಡದೆ ಮೃತ್ಯುಪತ್ರ ಬರೆದಿಡಬೇಕೆಂದು ಬಿನ್ನವಿಸಿತು. ದೇಶದ ಅತ್ಯುಚ್ಚ ನ್ಯಾಯಾಲಯವೇ ಹೀಗೆ ಮನೆಯ ಹಿರಿಯರಂತೆ ಬುದ್ಧಿ ಹೇಳುವುದು ಅಪರೂಪ.

ಹಾಗಾದರೆ ಬರೆಯುವುದು ಹೇಗೆ? ಜನರು ಹೆದರುವಷ್ಟು ಕಷ್ಟವೇನೂ ಇಲ್ಲ. ಹದಿನೆಂಟು ತುಂಬಿ, ಬುದ್ಧಿ ಸ್ಥಿಮಿತದಲ್ಲಿರುವ ಯಾರೂ ಬರೆಯಬಹುದು. ಸ್ಟ್ಯಾಂಪ್ ಕಾಗದ ಬೇಕಾಗಿಲ್ಲ. ಬಿಳಿ ಹಾಳೆ ಸಾಕು. ಕನ್ನಡದಲ್ಲಿಯೇ ಬರೆಯಬಹುದು. ತಾವೇ ಬರೆದರೂ ಸರಿ, ಇನ್ನೊಬ್ಬರಿಂದ ಬರೆಸಿದರೂ ಸರಿ. ಕೊನೆಗೆ ರುಜು, ರುಜು ಬಾರದವರು ಹೆಬ್ಬೆಟ್ಟು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಒತ್ತಿ ಹೇಳುವುದು ಸಾಕ್ಷಿಗಳನ್ನು. ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಬರೆದವರು ರುಜು ಹಾಕುವುದನ್ನು ಅವರು ಕಣ್ಣಾರೆ ಕಂಡಿರಬೇಕು, ಇಲ್ಲವೇ "ಇದು ನನ್ನದೇ ರುಜು" ಎಂದು ಅವರ ಬಾಯಿಂದ ಕೇಳಿರಬೇಕು. ಅವರ ಎದುರಿನಲ್ಲಿಯೇ ತಾವೂ ರುಜು ಹಾಕಬೇಕು. ಒಳಗೆ ಏನು ಬರೆದಿದೆಯೆಂದು ಸಾಕ್ಷಿಗಳಿಗೆ ತಿಳಿಸಬೇಕಾಗಿಲ್ಲ. ಊರಿಗೆಲ್ಲ ಗೊತ್ತಾದೀತೆಂದು ಹಿಂದೆಗೆಯುವವರು ಇದನ್ನು ನೆನಪಿಡಬೇಕು.

ಸಾಕ್ಷಿಗಳನ್ನು ಆರಿಸುವುದರಲ್ಲಿ ನಮ್ಮ ಜನರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ತಮಗಿಂತ ಹಿರಿಯರಾದ ಗೌರವಸ್ಥರನ್ನು ಕರೆಯುತ್ತಾರೆ. ಮೃತ್ಯುಪತ್ರವು ಕೋರ್ಟಿನಲ್ಲಿ ಬಂದಾಗ ಸಾಕ್ಷಿಗಳಲ್ಲಿ ಒಬ್ಬರಾದರೂ ಬದುಕಿದ್ದು, ಬರುವ ಶಕ್ತಿಯುಳ್ಳವರಾಗಿದ್ದರೆ, ಅವರನ್ನು ಕರೆದು ಕೇಳಲೇಬೇಕೆಂಬುದು ನಿಯಮ. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯಿದೆಯಲ್ಲಿಯೂ ಇದು ಉಳಿದಿದೆ. ಬರೆದವರಿಗಿಂತ ಮೊದಲೇ ಸಾಕ್ಷಿಗಳು ಹೊರಟುಹೋದರೆ ಫಜೀತಿ. ವಯಸ್ಸಿನಲ್ಲಿ ಕಿರಿಯರಾದ, ಊರಲ್ಲಿಯೇ ನೆಲೆಸಿದ, ಆಸ್ತಿಯಲ್ಲಿ ಏನನ್ನೂ ಪಡೆಯದ ಇಬ್ಬರು ಬೇಕು. ಒಬ್ಬರು ಮನೆಯ ವೈದ್ಯರಾದರೆ ಇನ್ನೂ ಒಳ್ಳೆಯದು.

ಆಸ್ತಿ ಪಡೆಯುವವರನ್ನು ಈ ಕೆಲಸದಿಂದ ದೂರವಿಡಬೇಕೇಕೆಂಬುದನ್ನು ಹಳೆಯ ಮೈಸೂರಿನ ಒಂದು ಪ್ರಕರಣ ತೋರಿಸಿಕೊಟ್ಟಿದೆ. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ ಎಂಬ ಆ ಪ್ರಕರಣವನ್ನು ವಕೀಲರು ಇಂದಿಗೂ ದಿನನಿತ್ಯ ಉದ್ಧರಿಸುತ್ತಾರೆ. ವೃದ್ಧೆಯೊಬ್ಬರು 1945ರಲ್ಲಿ ಮಾಡಿದರೆನ್ನಲಾದ ವಿಲ್ಲು ಅದು. ವಿಲ್ಲನ್ನು ಕೋರ್ಟಿಗೆ ತಂದವರೇ ಅದು ಸಿದ್ಧವಾಗುವಾಗಲೂ ಮುಂದೆ ನಿಂತಿದ್ದರು. ಅದರ ಪ್ರಯೋಜನವೂ ಗಣನೀಯವಾಗಿ ಅವರ ಕಡೆಗೇ ಹರಿದಿತ್ತು. ಕೆಳಗಿನ ನ್ಯಾಯಾಲಯ ಒಪ್ಪಿತು, ಮೈಸೂರಿನ ಹೈಕೋರ್ಟು ಒಪ್ಪಲಿಲ್ಲ. 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ನ್ಯಾಯಮೂರ್ತಿ ಗಜೇಂದ್ರಗಡ್ಕರರು ಅಂದು ಹೇಳಿದ ತಾತ್ಪರ್ಯವಿಷ್ಟು: ಮಿಕ್ಕ ದಸ್ತಾವೇಜುಗಳ ವಿಷಯದಲ್ಲಿ ಬರೆದವರನ್ನೇ ಕರೆದು ಕೇಳಬಹುದು, ಮೃತ್ಯುಪತ್ರ ಹೊರಬರುವ ಹೊತ್ತಿಗೆ ಬರೆದವರೇ ಇರುವುದಿಲ್ಲ. ಆದುದರಿಂದ ನಡುಗಿದ ರುಜು, ಮಂಕಾದ ಬುದ್ಧಿ, ಕಾರಣವಿಲ್ಲದೆ ಹೆಂಡತಿ ಮಕ್ಕಳನ್ನು ಬಿಟ್ಟಿರುವುದು, ಪಡೆಯುವವನೇ ಓಡಾಡಿ ಬರೆಯಿಸಿರುವುದು ಇಂಥ ಸಂದೇಹಗಳೇನಾದರೂ ಇದ್ದರೆ, ಅವನ್ನೆಲ್ಲ ನಿವಾರಿಸುವ ಹೊಣೆ ವಿಲ್ಲನ್ನು ಮುಂದೆ ತಂದವರ ಮೇಲಿದೆ.

ಎಂದರೆ, ಆಸ್ಪತ್ರೆಯ ಮಂಚದ ಬಳಿ ಕಿರಿಯ ಮಗನು ಹಿಡಿದು ತಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಆ ಮಗನಿಗೇ ತೊಂದರೆ. ಆರೋಗ್ಯವಾಗಿರುವಾಗ, ನಿಮ್ಮ ಕಾಲ ಮೇಲೆ ನೀವೇ ನಡೆದು ಹೋಗಿ ಮಾಡಿದ ಮೃತ್ಯುಪತ್ರಕ್ಕೆ ಇರುವ ಬಲ ಅದಕ್ಕಿಲ್ಲ. ಯಾರಿಗಾದರೂ ಕಡಿಮೆ ಕೊಡುವುದಾದರೆ ಏಕೆಂದು ಒಂದು ಸಾಲು ಬರೆಯಿರಿ. 'ಹಿರಿಯ ಮಗನ ಶಿಕ್ಷಣಕ್ಕೂ ಪುಣೆಯ ಮನೆಗೂ ಮೊದಲೇ ಹಣ ಕೊಟ್ಟಿರುವುದರಿಂದ' ಎಂಬ ಅರ್ಧ ವಾಕ್ಯವು ಹತ್ತು ವರ್ಷದ ದಾವೆಯನ್ನು ತಪ್ಪಿಸಬಹುದು. ಹಿರಿಯ ಮಗನ ಮನಸ್ಸಿನ ನೋವನ್ನೂ ಕೊಂಚ ತಗ್ಗಿಸೀತು.

ನೋಂದಣಿ ಕಡ್ಡಾಯವಲ್ಲ. ನೋಂದಣಿಯಾಗದ ಮೃತ್ಯುಪತ್ರವೂ ಕಾಯಿದೆಯ ಕಣ್ಣಿನಲ್ಲಿ ಮೃತ್ಯುಪತ್ರವೇ. ಆದರೂ ಸಬ್‌ರಿಜಿಸ್ಟ್ರಾರರ ಕಚೇರಿಗೆ ಹೋಗಿ ನೋಂದಾಯಿಸುವುದು ಜಾಣತನ. ಕಳೆದುಹೋದರೆ ನಕಲು ಸಿಗುತ್ತದೆ, ಬದಲಾಯಿಸಿದರೆಂಬ ಆರೋಪಕ್ಕೆ ಎಡೆಯಿರುವುದಿಲ್ಲ. ಗುಟ್ಟಾಗಿರಬೇಕೆನ್ನುವವರು ಲಕೋಟೆಯಲ್ಲಿಟ್ಟು ಮೊಹರು ಮಾಡಿ ಜಿಲ್ಲಾ ರಿಜಿಸ್ಟ್ರಾರರಲ್ಲಿ ಠೇವಣಿ ಇಡುವ ಅವಕಾಶವೂ 1908ರ ನೋಂದಣಿ ಕಾಯಿದೆಯಲ್ಲಿದೆ. ನೋಂದಾಯಿಸಿದ ಮೇಲೆ ಕೈ ಕಟ್ಟಿಹೋಯಿತೆಂದು ಮಾತ್ರ ತಿಳಿಯಬೇಡಿ. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಕೊನೆಯ ಬರಹವೇ ನಿಲ್ಲುತ್ತದೆ. ಹೊಸದರಲ್ಲಿ 'ಹಿಂದಿನದನ್ನು ರದ್ದು ಮಾಡಿದ್ದೇನೆ' ಎಂದು ಬರೆದು ತಾರೀಖು ಹಾಕಬೇಕು. ಹಳೆಯದರಲ್ಲಿಯೇ ಗೀಚಿ ತಿದ್ದುವುದು ಒಳ್ಳೆಯದಲ್ಲ.

"ಬ್ಯಾಂಕಿನಲ್ಲಿ ನಾಮಿನಿ ಹೆಸರು ಕೊಟ್ಟಾಗಿದೆ" ಎಂದು ನಿಶ್ಚಿಂತರಾಗಿರುವವರಿಗೂ ಒಂದು ಮಾತು. ನಾಮಿನಿಯೆಂದರೆ ಬ್ಯಾಂಕು ಯಾರ ಕೈಗೆ ಹಣ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳಬಹುದೋ ಅವರು. ಹಣದ ಒಡೆಯರು ವಾರಸುದಾರರು, ಇಲ್ಲವೇ ಮೃತ್ಯುಪತ್ರದಲ್ಲಿ ಹೆಸರಿಸಿದವರು. 2025ರ ನವೆಂಬರ್ 1ರಿಂದ ಬ್ಯಾಂಕಿನ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಲು ಅವಕಾಶವಾಗಿದೆ. ಅನುಕೂಲವೇ ಸರಿ, ಆದರೆ ಅದು ಮೃತ್ಯುಪತ್ರಕ್ಕೆ ಬದಲಾಗಿ ನಿಲ್ಲದು. ಜೀವವಿಮೆಯಲ್ಲಿ ಮಾತ್ರ, 2015ರ ತಿದ್ದುಪಡಿಯ ನಂತರ, ಹೆಂಡತಿ, ಗಂಡ, ತಾಯಿತಂದೆ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಅವರಿಗೆ ಹೆಚ್ಚಿನ ಹಕ್ಕು ಬಂದಿದೆ.

ವಿಜಯಪುರದಲ್ಲಿ ಈ ಲೇಖನ ಓದುವ ಮುಸಲ್ಮಾನ ಕುಟುಂಬಗಳಿಗೆ ನಿಯಮ ಬೇರೆ. ಶವಸಂಸ್ಕಾರದ ಖರ್ಚನ್ನೂ ಸಾಲವನ್ನೂ ಕಳೆದು ಉಳಿದದ್ದರಲ್ಲಿ ಮೂರನೆಯ ಒಂದು ಭಾಗವನ್ನಷ್ಟೇ ವಸೀಯತ್ತಿನ ಮೂಲಕ ಕೊಡಬಹುದು. ಸುನ್ನಿಗಳಲ್ಲಿ ಅದೂ ವಾರಸುದಾರನಲ್ಲದವನಿಗೆ. ವಾರಸುದಾರನೊಬ್ಬನಿಗೆ ಕೊಡಬೇಕಾದರೆ ಮರಣಾನಂತರ ಮಿಕ್ಕ ವಾರಸುದಾರರು ಒಪ್ಪಬೇಕು. ವಸೀಯತ್ತು ಬಾಯಿಮಾತಿನದಾದರೂ ಸಲ್ಲುತ್ತದೆಂಬುದು ಶಾಸ್ತ್ರ. ಬರೆದಿಟ್ಟದ್ದೇ ಸುರಕ್ಷಿ​ತವೆಂಬುದು ಅನುಭವ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮೃತ್ಯುಪತ್ರಕ್ಕೆ ಇನ್ನೊಂದು ಕೆಲಸವಿದೆ. ಸಿಕಂದರನ ಕಥೆಯನ್ನು ಮರೆತಿಲ್ಲವಷ್ಟೆ? 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯ ಪ್ರಕಾರ ತಂದೆಯೂ ತಾಯಿಯೂ ತಮ್ಮ ಮೃತ್ಯುಪತ್ರದಲ್ಲಿ ಮಕ್ಕಳಿಗೆ ಪಾಲಕರನ್ನು ನೇಮಿಸಬಹುದು. ತಂದೆ ಯಾರನ್ನೇ ನೇಮಿಸಿರಲಿ, ತಾಯಿ ಬದುಕಿರುವವರೆಗೆ ಆ ನೇಮಕ ಸುಮ್ಮನೆ ಮಲಗಿರುತ್ತದೆ. ತಾಯಿಯದೇ ಮೊದಲ ಹಕ್ಕು. ಒಂದೇ ಮೋಟಾರಿನಲ್ಲಿ ಗಂಡಹೆಂಡಿರು ಪ್ರವಾಸ ಮಾಡುವ ಈ ದಿನಗಳಲ್ಲಿ ಇಬ್ಬರೂ ಒಂದೇ ಹೆಸರನ್ನು ಬರೆದಿಡುವುದು ಯುಕ್ತ. ಆ ಹೆಸರಿನವರನ್ನು ಮೊದಲು ಕೇಳಿ ಒಪ್ಪಿಸಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು, ನಮ್ಮ ಕಡೆಯ ಮೃತ್ಯುಪತ್ರಗಳಲ್ಲಿ ಪದೇಪದೇ ಕಾಣುವ ಒಂದು ವಾಕ್ಯ: 'ಹೆಂಡತಿಯು ಬದುಕಿರುವವರೆಗೆ ಮನೆಯನ್ನು ಅನುಭೋಗಿಸತಕ್ಕದ್ದು, ಅವಳ ತರುವಾಯ ಗಂಡುಮಕ್ಕಳಿಗೆ ಸೇರತಕ್ಕದ್ದು.' ನೋಡಲು ಅಂದವಾಗಿದೆ. ಆದರೆ ಆ ಹೆಂಗಸಿಗೆ ಬಂದದ್ದು ಪೂರ್ಣ ಒಡೆತನವೋ, ಬರಿಯ ಇರುವಿಕೆಯೋ ಎಂಬ ವಾದದಲ್ಲಿ ಸವೆದ ಕೋರ್ಟು ಮೆಟ್ಟಿಲುಗಳಿಗೆ ಲೆಕ್ಕವಿಲ್ಲ. ಔಷಧದ ಖರ್ಚಿಗೆ ಆಕೆ ಒಂದು ಖೋಲಿಯನ್ನು ಒತ್ತೆಯಿಡಹೋದರೂ ಮಕ್ಕಳ ಮುಖ ನೋಡಬೇಕು. ಮನೆಯನ್ನು ಹೆಂಡತಿಗೆ ಕೊಡುವ ಮನಸ್ಸಿದ್ದರೆ 'ಪೂರ್ಣ ಒಡೆತನದಿಂದ' ಎಂದು ಬರೆದು ಕೊಟ್ಟುಬಿಡಬೇಕೆಂದು ನನಗೆ ತೋರುತ್ತದೆ. ಸಂಸಾರ ನಡೆಸುವಾಗ ನಂಬಿದವಳನ್ನು ಕಾಗದ ಬರೆಯುವಾಗ ನಂಬದಿರುವುದೇಕೆ?

ಬರೆದ ಮೇಲೆ ಎಲ್ಲಿಡಬೇಕು? ಹಿಂದಿನವರು ಜೋಳವನ್ನು ಹಗೇವಿನಲ್ಲಿ ಹೂಳಿಟ್ಟಂತೆ ಕಾಗದಪತ್ರಗಳನ್ನು ಟ್ರಂಕಿನ ತಳದಲ್ಲಿ ಹೂಳಿಡುತ್ತಿದ್ದರು. ಹಗೇವಿನ ಬಾಯಿ ಎಲ್ಲಿದೆಯೆಂದು ಮನೆಯವರೆಲ್ಲರಿಗೂ ಗೊತ್ತಿರುತ್ತಿತ್ತು. ಟ್ರಂಕಿನ ತಳ ಯಾರಿಗೂ ಗೊತ್ತಿರುತ್ತಿರಲಿಲ್ಲ. ಸಿಗದ ಮೃತ್ಯುಪತ್ರವೂ ಬರೆಯದ ಮೃತ್ಯುಪತ್ರವೂ ಒಂದೇ. ಅದರೊಡನೆ ಮನೆಯ ಖರೀದಿಪತ್ರ, ಹೊಲದ ಉತಾರ, ಬ್ಯಾಂಕಿನ ಪುಸ್ತಕ, ವಿಮೆಯ ಪಾಲಿಸಿ, ಕೊಟ್ಟ ಸಾಲ, ತಂದ ಸಾಲ ಇವುಗಳ ಯಾದಿಯೊಂದನ್ನು ಇಟ್ಟು, ಕನಿಷ್ಠ ಇಬ್ಬರಿಗೆ ಸ್ಥಳ ಹೇಳಿರಬೇಕು.

ನಮ್ಮ ಮಾಸ್ತರರು ಕೊನೆಗೂ ಬರೆದರೆಂದೇ ಇಟ್ಟುಕೊಳ್ಳಿ. ಮನೆ ಹೆಂಡತಿಗೆ, ಆಕೆಯೊಡನೆ ತಾಯಿಗೂ ಜೀವವಿರುವವರೆಗೆ ವಾಸದ ಹಕ್ಕು, ಬಬಲೇಶ್ವರದ ಎರಡು ಎಕರೆ ಮಗಳಿಗೆ, ತಿಕೋಟಾದ ತಮ್ಮ ಪಾಲು ಹೊಲ ನೋಡಿಕೊಂಡ ಕಿರಿಯನಿಗೆ, ಠೇವಣಿ ಹಿರಿಯನಿಗೆ. ಸಾಕ್ಷಿ ಹಾಕಿದವರು ಅವರ ಹಳೆಯ ವಿದ್ಯಾರ್ಥಿಗಳಿಬ್ಬರು, ಅವರಲ್ಲೊಬ್ಬರು ಡಾಕ್ಟರರು. ಕಚೇರಿಯಿಂದ ಬಂದು, ಕಪಾಟಿನಲ್ಲಿ ಕಾಗದವಿಟ್ಟು, ಹೆಂಡತಿಯನ್ನು ಕರೆದು ಸ್ಥಳ ತೋರಿಸಿದರು. ಆಕೆ ಒಂದು ಗಳಿಗೆ ಸುಮ್ಮನೆ ನಿಂತಿದ್ದು, ಸೆರಗಿನ ತುದಿಗೆ ಕೀಲಿಕೈ ಕಟ್ಟಿಕೊಳ್ಳುತ್ತ ಕೇಳಿದಳು:

"ರೀ, ನಮ್ಮವ್ವ ಕೊಟ್ಟ ಬಂಗಾರ, ನನ್ನ ಹೆಸರಿನ ಪ್ಲಾಟು ಐತಲ್ರೀ... ನಾನೂ ಒಂದು ಬರೀಬೇಕಲ್ಲ?"

"ಬರಿ," ಎಂದರು ಮಾಸ್ತರರು, ಮೇಜಿನ ಮೇಲಿದ್ದ ಬಿಳಿ ಹಾಳೆಯನ್ನು ಆಕೆಯ ಕಡೆಗೆ ಸರಿಸುತ್ತ. "ಆದರ ನನಗ ತೋರಿಸಬ್ಯಾಡ. ಸಾಕ್ಷಿದಾರರನ್ನ ಕರಕೊಂಡು ಬರತೀನಿ."